ಪಂದ್ಯಾವಳಿಯ ನ್ಯಾಯವೂ ಅಳತೆಯ ಶಾಸ್ತ್ರವೂ

ಬೆಂಗಳೂರಿನ ದಂಡುಪ್ರದೇಶಕ್ಕೂ ಕಾಲ್ಚೆಂಡಾಟಕ್ಕೂ ಇರುವ ನಂಟು ಬಹು ಹಳೆಯದು. ಸೈನಿಕರು ಆಡುತ್ತಿದ್ದ ಆಟವನ್ನು ಶಿವಾಜಿನಗರ, ಹಲಸೂರು, ಗೌತಮಪುರಗಳ ಹುಡುಗರು ಕ್ರಮೇಣ ತಮ್ಮದಾಗಿಸಿಕೊಂಡರು. 'ಬೆಂಗಳೂರು ಮುಸ್ಲಿಮ್ಸ್' ಎಂಬ ತಂಡವು ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. ೧೯೪೮ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ರಾಜ್ಯ ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು ೧೯೪೬-೪೭, ೧೯೫೨-೫೩, ೧೯೬೭-೬೮ ಮತ್ತು ೧೯೬೮-೬೯ರಲ್ಲಿ ಗೆದ್ದಿತು. ಆ ಬಳಿಕ ಐವತ್ತನಾಲ್ಕು ವರ್ಷ ಕಾದು, ೨೦೨೩ರ ಮಾರ್ಚ್ ೪ರಂದು ಸೌದಿ ಅರೇಬಿಯದ ರಿಯಾಧ್ ನಗರದಲ್ಲಿ ಮೇಘಾಲಯವನ್ನು ೩-೨ ಗೋಲುಗಳಿಂದ ಸೋಲಿಸಿ ಕರ್ನಾಟಕವು ಅದೇ ಟ್ರೋಫಿಯನ್ನು ಮತ್ತೆ ಪಡೆಯಿತು.

ಅಂತಿಮ ಪಂದ್ಯದ ವರ್ಣನೆಯನ್ನು ಎಲ್ಲರೂ ಓದುತ್ತಾರೆ. ಅಂತಿಮ ಸುತ್ತಿಗೆ ಯಾರು ಬರಬೇಕು, ಯಾರು ಮನೆಗೆ ಮರಳಬೇಕು ಎಂಬುದನ್ನು ಗೊತ್ತುಮಾಡುವ ನಿಯಮವನ್ನು ಮಾತ್ರ ಹೆಚ್ಚು ಮಂದಿ ಗಮನಿಸುವುದಿಲ್ಲ. ಆದರೆ ಆಟಗಾರನ ಭವಿಷ್ಯ ಅನೇಕ ವೇಳೆ ಆ ನಿಯಮದಲ್ಲಿಯೇ ಅಡಗಿರುತ್ತದೆ. ಗೌತಮಪುರದ ಒಂದು ಬಡ ಮನೆಯ ಹುಡುಗನು ರಾಜ್ಯದ ಅಂಗಿ ತೊಟ್ಟು ಅಂತಿಮ ಸುತ್ತಿನಲ್ಲಿ ಆಡಿದರೆ ದೊಡ್ಡ ಕ್ಲಬ್ಬುಗಳವರು ಅವನನ್ನು ನೋಡುತ್ತಾರೆ. ಕ್ರೀಡಾಪಟುಗಳಿಗೆ ಮೀಸಲಾದ ಒಂದು ಉದ್ಯೋಗ ಅವನಿಗೆ ದೊರೆತರೂ ದೊರೆಯಬಹುದು. ಅವನ ತಂಡ ಗುಂಪಿನ ಹಂತದಲ್ಲಿಯೇ ಹಿಂದಿರುಗಿದರೆ ಅವನ ಆಟವನ್ನು ನೋಡುವವರೇ ಇರುವುದಿಲ್ಲ. ಆದುದರಿಂದ ಆಯ್ಕೆಯ ನಿಯಮವು ನ್ಯಾಯವಾಗಿದೆಯೆ ಎಂಬ ಪ್ರಶ್ನೆ ವಿಚಾರಾರ್ಹವಾದದ್ದು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ಅಪರಿಚಿತ ಪ್ರಶ್ನೆಯೂ ಅಲ್ಲ. ಪಂದ್ಯಾವಳಿಯೆಂದರೆ ತಂಡಗಳ ಬಲವನ್ನು ಅಳೆಯುವ ಒಂದು ಪ್ರಯೋಗ. ಅಳತೆಯ ಶಾಸ್ತ್ರ ಹೇಳುವ ಮಾತುಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ.

ಎಲ್ಲರೂ ಎಲ್ಲರೊಡನೆ ಆಡಿದರೆ

ಅತ್ಯಂತ ಸರಳವೂ ನ್ಯಾಯವೂ ಆದ ಕ್ರಮವೆಂದರೆ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಡನೆ ಆಡುವುದು. ಆಗ ಎಲ್ಲರಿಗೂ ಒಂದೇ ಬಗೆಯ ಎದುರಾಳಿಗಳು ದೊರೆಯುತ್ತಾರೆ. 'ನಮ್ಮ ಪಾಲಿಗೆ ಕಷ್ಟದವರು ಬಂದರು, ಅವರ ಪಾಲಿಗೆ ಸುಲಭದವರು ಬಂದರು' ಎಂಬ ದೂರಿಗೆ ಎಡೆಯಿರುವುದಿಲ್ಲ. ಆದರೆ ಇದಕ್ಕೆ ಬೇಕಾಗುವ ಪಂದ್ಯಗಳೆಷ್ಟು? ತಂಡಗಳ ಸಂಖ್ಯೆ 'ನ' ಆದರೆ ಪಂದ್ಯಗಳ ಸಂಖ್ಯೆ ನ × (ನ − ೧) ÷ ೨ ಎಂಬುದನ್ನು ಬೀಜಗಣಿತ ಓದಿದವರೆಲ್ಲರೂ ಬಲ್ಲರು. ನಾಲ್ಕು ತಂಡಗಳಿಗೆ ೬ ಪಂದ್ಯಗಳು ಸಾಕು. ಹತ್ತು ತಂಡಗಳಿಗೆ ೪೫ ಬೇಕು. ಸಂತೋಷ್ ಟ್ರೋಫಿಯಂಥ ದೊಡ್ಡ ಪಂದ್ಯಾವಳಿಯಲ್ಲಿ, ಲೆಕ್ಕದ ಅನುಕೂಲಕ್ಕಾಗಿ, ೩೬ ತಂಡಗಳಿವೆಯೆಂದು ಇಟ್ಟುಕೊಂಡರೆ ೬೩೦ ಪಂದ್ಯಗಳಾಗುತ್ತವೆ. ಒಂದೊಂದು ತಂಡವೂ ೩೫ ಸಲ ಆಡಬೇಕು. ಅಷ್ಟು ದಿನ, ಅಷ್ಟು ಹಣ, ಅಷ್ಟು ಕಸುವು ಯಾರಲ್ಲಿದೆ?

ಆದಕಾರಣ ತಂಡಗಳನ್ನು ಗುಂಪುಗಳಾಗಿ ಒಡೆಯುತ್ತಾರೆ. ಅದೇ ೩೬ ತಂಡಗಳನ್ನು ಆರಾರರ ಆರು ಗುಂಪುಗಳನ್ನಾಗಿ ಮಾಡಿದರೆ ಗುಂಪಿಗೆ ೧೫ರಂತೆ ೯೦ ಪಂದ್ಯಗಳಲ್ಲಿ ಕೆಲಸ ಮುಗಿಯುತ್ತದೆ. ೬೩೦ರ ಬದಲು ೯೦! ಈ ಉಳಿತಾಯವು ಬಿಟ್ಟಿಯಾಗಿ ಬಂದದ್ದಲ್ಲ. ಅದಕ್ಕೆ ತೆರುವ ಬೆಲೆ ಏನೆಂಬುದನ್ನು ಮುಂದೆ ನೋಡೋಣ. ಅದಕ್ಕೆ ಮೊದಲು, ಒಂದು ಪಂದ್ಯವು ನಿಜವಾಗಿ ಎಷ್ಟನ್ನು ಅಳೆಯಬಲ್ಲುದು ಎಂಬುದನ್ನು ಪರೀಕ್ಷಿಸುವುದು ಲೇಸು.

ಒಂದು ಪಂದ್ಯದ ಅಳತೆ

ಪ್ರಯೋಗಶಾಲೆಯಲ್ಲಿ ಲೋಲಕದ ಒಂದೇ ಒಂದು ಆಂದೋಲನದ ಕಾಲವನ್ನು ಅಳೆದು ಯಾರೂ ತೃಪ್ತರಾಗುವುದಿಲ್ಲ. ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು ಭಾಗಿಸುತ್ತೇವೆ. ಕೈಗಡಿಯಾರವನ್ನು ಒತ್ತುವಾಗಿನ ತಪ್ಪು ಆಗ ಸಣ್ಣದಾಗುತ್ತದೆ. ಕಾಲ್ಚೆಂಡಿನ ಪಂದ್ಯದಲ್ಲಿ ಗೋಲುಗಳು ವಿರಳ. ಅವು ಬೀಳುವ ರೀತಿ, ವಿಕಿರಣಶೀಲ ವಸ್ತುವಿನಿಂದ ಕಣಗಳು ಹೊರಹೊಮ್ಮುವ ರೀತಿಯನ್ನು ಬಹುಮಟ್ಟಿಗೆ ಹೋಲುತ್ತದೆ: ಸರಾಸರಿಯನ್ನು ಹೇಳಬಹುದೇ ಹೊರತು ಇಂಥ ಗಳಿಗೆಯಲ್ಲಿ ಇಷ್ಟೇ ಎಂದು ಹೇಳಲಾಗದು. ಇಂಥ ಘಟನೆಗಳ ಸಂಭಾವ್ಯತೆಯನ್ನು ಗಣಿಸುವ ಸೂತ್ರವನ್ನು ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ ೧೮೩೭ರಲ್ಲಿ ಪ್ರಕಟಿಸಿದ.

ಆ ಸೂತ್ರವನ್ನು ಬಳಸಿ ಒಂದು ಲೆಕ್ಕ ಮಾಡೋಣ. ಬಲವಾದ ತಂಡವೊಂದು ಸರಾಸರಿ ಪಂದ್ಯಕ್ಕೆ ೧.೫ ಗೋಲು, ಅದರ ಎದುರಾಳಿ ಸರಾಸರಿ ೧ ಗೋಲು ಹೊಡೆಯಬಲ್ಲವೆಂದು ಭಾವಿಸೋಣ. ಅಂದರೆ ಮೊದಲನೆಯದು ಎರಡನೆಯದರ ಒಂದೂವರೆಯಷ್ಟು ಬಲವುಳ್ಳದ್ದು. ಇವೆರಡೂ ಎದುರಾದಾಗ ಬಲವಾದ ತಂಡ ಗೆಲ್ಲುವ ಸಂಭಾವ್ಯತೆ ನೂರಕ್ಕೆ ೪೯. ಪಂದ್ಯ ಸಮವಾಗುವುದು ೨೬. ದುರ್ಬಲ ತಂಡವೇ ಗೆಲ್ಲುವುದು ೨೫. ನಾಲ್ಕು ಪಂದ್ಯಗಳಲ್ಲಿ ಒಂದನ್ನು ಕಡಮೆ ಬಲದವರೇ ಗೆಲ್ಲುತ್ತಾರೆ! ಇದರಲ್ಲಿ ಮೋಸವೂ ಇಲ್ಲ, ಪವಾಡವೂ ಇಲ್ಲ. ಚಿಕ್ಕ ಸಂಖ್ಯೆಗಳ ಸ್ವಭಾವವೇ ಅಂಥದು.

ಕರ್ನಾಟಕದ ಅನುಭವವೂ ಇದಕ್ಕೆ ಒಪ್ಪುವಂಥದೇ. ೨೦೨೨ರ ಏಪ್ರಿಲಿನಲ್ಲಿ ಸಂತೋಷ್ ಟ್ರೋಫಿಯ ಉಪಾಂತ್ಯ ಪಂದ್ಯದಲ್ಲಿ ನಮ್ಮ ತಂಡವು ಕೇರಳಕ್ಕೆ ೭-೩ ಗೋಲುಗಳಿಂದ ಸೋತಿತು. ಒಂದು ವರ್ಷ ತುಂಬುವ ಮೊದಲೇ ಕರ್ನಾಟಕವು ಟ್ರೋಫಿ ಗೆದ್ದಿತು. ಆಟಗಾರರಲ್ಲಿ ಬದಲಾವಣೆ ಇರುವುದು ಸಹಜ. ಆದರೂ ಒಂದು ದಿನದ ಫಲಿತಾಂಶವನ್ನು ಹಿಡಿದು 'ಈ ರಾಜ್ಯದ ಮಟ್ಟ ಇಷ್ಟೇ' ಎಂದು ತೀರ್ಪು ಕೊಡುವುದು ಎಷ್ಟು ಅವಸರದ ಕೆಲಸವೆಂಬುದು ಇದರಿಂದ ಮನವರಿಕೆಯಾಗುತ್ತದೆ.

ಪಂದ್ಯಗಳ ಸಂಖ್ಯೆ ಹೆಚ್ಚಿದಂತೆ ಸರಾಸರಿಯಲ್ಲಿನ ದೋಷ ಕಡಮೆಯಾಗುತ್ತದೆ. ಆದರೆ ಅದು ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ. ಐದು ಪಂದ್ಯಗಳಾದರೆ ದೋಷ ಅರ್ಧಕ್ಕಿಂತ ತುಸು ಕೆಳಗಿಳಿಯುತ್ತದೆ. ಅದನ್ನು ಆರನೆಯ ಒಂದು ಭಾಗಕ್ಕೆ ಇಳಿಸಬೇಕಾದರೆ ೩೬ ಪಂದ್ಯಗಳು ಬೇಕು. ಗುಂಪಿನ ಐದು ಪಂದ್ಯಗಳಿಂದ ಬರುವ ಪಟ್ಟಿಯು ಅಕ್ಕಸಾಲಿಗನ ತಕ್ಕಡಿಯಲ್ಲ; ಸೌದೆ ತೂಗುವ ತಕ್ಕಡಿ.

ತಂತಿಯಿಂದ ಜೋಡಿಸದ ಎರಡು ಮಂಡಲಗಳು

ಈಗ ಗುಂಪುಗಳಾಗಿ ಒಡೆದುದಕ್ಕೆ ತೆರುವ ಬೆಲೆಯ ವಿಚಾರ. ೨೦೨೩-೨೪ರ ಸಂತೋಷ್ ಟ್ರೋಫಿಯಲ್ಲಿ ಅಂತಿಮ ಸುತ್ತಿಗೆ ಹನ್ನೆರಡು ಸ್ಥಾನಗಳಿದ್ದವು. ಆತಿಥ್ಯ ವಹಿಸಿದ ಅರುಣಾಚಲ ಪ್ರದೇಶಕ್ಕೂ, ಹಿಂದಿನ ವರ್ಷ ಅಂತಿಮ ಪಂದ್ಯ ಆಡಿದ್ದ ಕರ್ನಾಟಕ ಮತ್ತು ಮೇಘಾಲಯಗಳಿಗೂ ನೇರ ಪ್ರವೇಶ ದೊರೆಯಿತು. ಉಳಿದ ಒಂಬತ್ತರಲ್ಲಿ ಆರು ಸ್ಥಾನಗಳು ಆರು ಗುಂಪುಗಳ ವಿಜೇತರಿಗೆ. ಇನ್ನು ಮೂರು? ಆರು ಗುಂಪುಗಳಲ್ಲಿ ಎರಡನೆಯ ಸ್ಥಾನ ಪಡೆದ ಆರು ತಂಡಗಳಲ್ಲಿ 'ಅತ್ಯುತ್ತಮ'ವೆನಿಸಿದ ಮೂರಕ್ಕೆ. ಈ 'ಅತ್ಯುತ್ತಮ' ಎಂಬ ಒಂದು ಪದದಲ್ಲಿಯೇ ತೊಡಕೆಲ್ಲವೂ ಇದೆ.

ಕಾಲ್ಪನಿಕವಾದ ಒಂದು ನಿದರ್ಶನದಿಂದ ಇದನ್ನು ವಿಶದಪಡಿಸಬಹುದು. ಬೆಂಗಳೂರಿನ ಎಂಟು ಬಡಾವಣೆಗಳ ತಂಡಗಳು ಎರಡು ಗುಂಪುಗಳಲ್ಲಿ ಆಡಿದುವೆಂದು ಭಾವಿಸಿರಿ. ಗೆದ್ದರೆ ೩ ಅಂಕ, ಸಮವಾದರೆ ಇಬ್ಬರಿಗೂ ತಲಾ ೧, ಸೋತರೆ ಸೊನ್ನೆ. ಪೂರ್ವದ ಗುಂಪಿನಲ್ಲಿ ಬಲಾಬಲಗಳು ಹತ್ತಿರ ಹತ್ತಿರವಾಗಿದ್ದು ಮೂರು ಪಂದ್ಯಗಳು ಸಮವಾದುವು. ಪಶ್ಚಿಮದ ಗುಂಪಿನಲ್ಲಿ ಪ್ರತಿಯೊಂದು ಪಂದ್ಯವೂ ಸೋಲು ಗೆಲುವಿನಲ್ಲಿ ಮುಗಿಯಿತು. ಅಂಕಗಳು ಹೀಗಿವೆ:

ಪೂರ್ವ: ಶಿವಾಜಿನಗರ ೭, ಹಲಸೂರು ೪, ಇಂದಿರಾನಗರ ೨, ಕೃಷ್ಣರಾಜಪುರ ೨.
ಪಶ್ಚಿಮ: ಮಲ್ಲೇಶ್ವರ ೯, ಬಸವನಗುಡಿ ೬, ಚಾಮರಾಜಪೇಟೆ ೩, ಜಯನಗರ ೦.

ಎರಡನೆಯ ಸ್ಥಾನದವರಲ್ಲಿ ಒಬ್ಬರನ್ನು ಮಾತ್ರ ಆರಿಸಬೇಕು. ಬಸವನಗುಡಿಗೆ ೬, ಹಲಸೂರಿಗೆ ೪. ನಿಯಮದಂತೆ ಬಸವನಗುಡಿಗೆ ಸ್ಥಾನ. ಆದರೆ ಹಲಸೂರಿನವರು ಎದ್ದುನಿಂತು, 'ನಮ್ಮ ಗುಂಪಿನಲ್ಲಿ ನಾಲ್ವರೂ ಬಲಶಾಲಿಗಳು; ನಾವು ಅವರಿಗಿಂತ ಕಡಮೆಯೆಂದು ಹೇಗೆ ಹೇಳುತ್ತೀರಿ?' ಎಂದು ಕೇಳಿದರೆ ಉತ್ತರವೇನು? ಪೂರ್ವದ ನಾಲ್ವರೂ ಬಲಶಾಲಿಗಳಾಗಿದ್ದರೆ ಇಂಥ ಪಟ್ಟಿ ಬರುತ್ತದೆ; ನಾಲ್ವರೂ ದುರ್ಬಲರಾಗಿದ್ದರೂ ಇದೇ ಪಟ್ಟಿ ಬರುತ್ತದೆ! ಒಂದು ಗುಂಪಿನ ಎಲ್ಲ ತಂಡಗಳ ಬಲವನ್ನೂ ಒಂದೇ ಪ್ರಮಾಣದಲ್ಲಿ ಏರಿಸಿದರೂ ಇಳಿಸಿದರೂ ಆ ಗುಂಪಿನ ಫಲಿತಾಂಶಗಳಲ್ಲಿ ಬದಲಾವಣೆ ಕಾಣುವುದಿಲ್ಲ.

ವಿದ್ಯುಚ್ಛಾಸ್ತ್ರ ಓದಿದವರಿಗೆ ಇದು ಪರಿಚಿತವಾದ ಸಂಗತಿ. ವೋಲ್ಟ್ ಮಾಪಕವು ವಿಭವವನ್ನು ಅಳೆಯುವುದಿಲ್ಲ. ಎರಡು ಬಿಂದುಗಳ ನಡುವಣ ವಿಭವಾಂತರವನ್ನು ಮಾತ್ರ ಅಳೆಯುತ್ತದೆ. ಮೇಜಿನ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಿದ್ಯುನ್ಮಂಡಲಗಳಿದ್ದರೆ, ಮೊದಲನೆಯದರೊಳಗಿನ ಅಂತರಗಳನ್ನೂ ಎರಡನೆಯದರೊಳಗಿನ ಅಂತರಗಳನ್ನೂ ಬೇರೆ ಬೇರೆಯಾಗಿ ಅಳೆಯಬಹುದು. ಆದರೆ ಅವನ್ನು ಒಂದು ತಂತಿಯಿಂದಲೋ ಭೂಸಂಪರ್ಕದಿಂದಲೋ ಜೋಡಿಸುವ ತನಕ, ಇದರ ಒಂದು ಬಿಂದು ಅದರ ಒಂದು ಬಿಂದುವಿಗಿಂತ ಮೇಲೋ ಕೆಳಗೋ ಎಂಬುದನ್ನು ಆ ಅಳತೆಗಳಿಂದ ಹೇಳಲಾಗುವುದಿಲ್ಲ. ತಂಡಗಳು ಬಿಂದುಗಳು, ಪಂದ್ಯಗಳು ತಂತಿಗಳು. ಗುಂಪು ಗುಂಪುಗಳ ನಡುವೆ ಒಂದು ಪಂದ್ಯವೂ ನಡೆಯದಿರುವಾಗ ಹಲಸೂರನ್ನೂ ಬಸವನಗುಡಿಯನ್ನೂ ಹೋಲಿಸುವ ತಂತಿಯೇ ಇಲ್ಲ. ಎರಡು ಗುಂಪುಗಳ ಮಟ್ಟ ಒಂದೇ ಎಂದು ನಾವು ಊಹಿಸಿಕೊಂಡಿದ್ದೇವೆ, ಅಷ್ಟೆ. ಅದು ಊಹೆಯೇ ಹೊರತು ಅಳತೆಯಲ್ಲ.

ಮೇಲಿನ ಪಟ್ಟಿಯಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಪಶ್ಚಿಮದ ಗುಂಪಿನ ಅಂಕಗಳನ್ನು ಕೂಡಿರಿ: ೧೮. ಪೂರ್ವದ್ದು: ೧೫. ಪಂದ್ಯಗಳು ಎರಡು ಕಡೆಯೂ ಆರೇ. ಮೂರು ಅಂಕಗಳು ಎಲ್ಲಿ ಹೋದುವು? ಸೋಲು ಗೆಲುವಿನಲ್ಲಿ ಮುಗಿದ ಪಂದ್ಯ ಮೂರು ಅಂಕಗಳನ್ನು ಹಂಚುತ್ತದೆ. ಸಮವಾದ ಪಂದ್ಯ ಎರಡನ್ನೇ ಹಂಚುತ್ತದೆ. ಸಮಬಲರ ಗುಂಪಿನಲ್ಲಿ ಸಮವಾಗುವ ಪಂದ್ಯಗಳು ಹೆಚ್ಚು. ಆದುದರಿಂದ ಅಲ್ಲಿ ಹಂಚಲು ಇರುವ ಒಟ್ಟು ಅಂಕಗಳೇ ಕಡಮೆ. ಹಿಂದೆ ಗೆಲುವಿಗೆ ಎರಡು ಅಂಕಗಳಿದ್ದಾಗ ಪ್ರತಿಯೊಂದು ಪಂದ್ಯವೂ ಎರಡೇ ಅಂಕಗಳನ್ನು ಹಂಚುತ್ತಿತ್ತು. ಶಕ್ತಿಯ ನಿತ್ಯತ್ವದಂತೆ ಅಂಕಗಳಿಗೂ ಒಂದು ನಿತ್ಯತ್ವವಿತ್ತು. ಆಟವನ್ನು ಚುರುಕುಗೊಳಿಸಲು ಇಂಗ್ಲೆಂಡಿನ ಲೀಗಿನಲ್ಲಿ ೧೯೮೧ರಿಂದಲೂ ವಿಶ್ವಕಪ್ಪಿನಲ್ಲಿ ೧೯೯೪ರಿಂದಲೂ ಗೆಲುವಿಗೆ ಮೂರು ಅಂಕಗಳನ್ನು ಕೊಡತೊಡಗಿದರು. ಒಂದು ಗುಂಪಿನೊಳಗೆ ಇದರಿಂದ ತೊಂದರೆಯಿಲ್ಲ. ಗುಂಪು ಗುಂಪುಗಳನ್ನು ಹೋಲಿಸುವಾಗ ಮಾತ್ರ ಬಿಗಿ ಪೈಪೋಟಿಯ ಗುಂಪಿನ ಎರಡನೆಯವನಿಗೆ ಎರಡು ಬಗೆಯಲ್ಲಿ ನಷ್ಟ: ಎದುರಾಳಿಗಳೂ ಕಠಿನ, ಅಂಕಗಳೂ ಕಡಮೆ.

೨೦೨೪-೨೫ರ ಸಂತೋಷ್ ಟ್ರೋಫಿಯಲ್ಲಿ ಈ ಕ್ರಮವನ್ನು ಬದಲಿಸಿ ಒಂಬತ್ತು ಗುಂಪುಗಳನ್ನು ಮಾಡಿ, ವಿಜೇತರನ್ನು ಮಾತ್ರ ಮುಂದಕ್ಕೆ ಕಳುಹಿದರು. ಹಿಂದಿನ ಬಾರಿ ಅಂತಿಮ ಪಂದ್ಯ ಆಡಿದ ಸರ್ವಿಸಸ್ ಮತ್ತು ಗೋವ, ಆತಿಥೇಯ ತೆಲಂಗಾಣ ಸೇರಿ ಹನ್ನೆರಡಾಯಿತು. ಇದರಿಂದ ಗುಂಪು ಗುಂಪುಗಳನ್ನು ಹೋಲಿಸುವ ತೊಡಕು ಮಾಯವಾಯಿತು. ಆದರೆ ಇಬ್ಬರು ಬಲಶಾಲಿಗಳು ಒಂದೇ ಗುಂಪಿಗೆ ಬಿದ್ದರೆ ಒಬ್ಬರು ಹೊರಗುಳಿಯಲೇಬೇಕು. ಒಂದು ಅನ್ಯಾಯವನ್ನು ತಪ್ಪಿಸಲು ಹೋದಾಗ ಇನ್ನೊಂದಕ್ಕೆ ಬಾಗಿಲು ತೆರೆಯಿತು.

ಅಪೂರ್ಣವಾದ ಜಾಲ

ತಂತಿಯೇ ಇಲ್ಲದಿರುವುದು ಒಂದು ಸ್ಥಿತಿ; ತಂತಿಗಳಿದ್ದೂ ಅಸಮವಾಗಿರುವುದು ಇನ್ನೊಂದು. ಶಿವಾಜಿನಗರದ ನೆರೆಯಲ್ಲಿಯೇ ಇರುವ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯುವ ಐ.ಪಿ.ಎಲ್. ಕ್ರಿಕೆಟ್ ಇದಕ್ಕೆ ನಿದರ್ಶನ. ೨೦೨೨ರಲ್ಲಿ ಅದರ ತಂಡಗಳು ಹತ್ತಾದುವು. ಪ್ರತಿಯೊಂದು ತಂಡವೂ ಒಂಬತ್ತು ಎದುರಾಳಿಗಳಲ್ಲಿ ಐವರೊಡನೆ ಎರಡೆರಡು ಸಲ, ನಾಲ್ವರೊಡನೆ ಒಂದೊಂದು ಸಲ, ಹೀಗೆ ೧೪ ಪಂದ್ಯಗಳನ್ನು ಆಡುವ ಕ್ರಮ ಬಂದಿತು. ಯಾರೊಡನೆ ಎರಡು ಸಲ, ಯಾರೊಡನೆ ಒಂದೇ ಸಲ ಎಂಬುದು ಅದೃಷ್ಟದ ಮಾತಾಯಿತು. ೨೦೨೪ರಲ್ಲಿ ಬೆಂಗಳೂರು, ಚೆನ್ನೈ, ದೆಹಲಿ, ಲಖನೌ ಈ ನಾಲ್ಕು ತಂಡಗಳೂ ೧೪ ಅಂಕಗಳಲ್ಲಿ ನಿಂತುವು. ಉಳಿದಿದ್ದ ನಾಲ್ಕನೆಯ ಸ್ಥಾನ ಒಂದೇ. ಓಟಗಳ ಸರಾಸರಿ ಅಂತರವನ್ನು ಲೆಕ್ಕಹಾಕಿ ಬೆಂಗಳೂರಿಗೆ ಅದನ್ನು ಕೊಡಲಾಯಿತು. ನಮ್ಮ ಊರಿನ ಜನ ಪಟಾಕಿ ಹೊಡೆದುದು ಸಹಜವೇ; ಆದರೆ ಸಮ ಅಂಕದವರ ನಡುವಣ ತೀರ್ಪು ಎಷ್ಟು ಸಣ್ಣ ಎಳೆಯ ಮೇಲೆ ನಿಂತಿತ್ತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇಂಥ ಅಪೂರ್ಣ ಜಾಲದಿಂದಲೂ ತಂಡಗಳ ಬಲವನ್ನು ಅಂದಾಜು ಮಾಡುವ ಗಣಿತವಿದೆ. ಅದನ್ನು ಬೆಳೆಸಿದವರಲ್ಲಿ ಭೌತಶಾಸ್ತ್ರಜ್ಞರೇ ಇದ್ದಾರೆಂಬುದು ನಮಗೆ ಸಂತೋಷದ ವಿಷಯ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಎಲೋ ಅವರು ಚದುರಂಗದ ಆಟಗಾರರಿಗಾಗಿ ರಚಿಸಿದ ಕ್ರಮವನ್ನು ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯು ೧೯೭೦ರಲ್ಲಿ ಅಂಗೀಕರಿಸಿತು. ಇಬ್ಬರ ಅಂಕಗಳ ಅಂತರ ೪೦೦ ಆದರೆ ಮೇಲಿನವನು ಹನ್ನೊಂದರಲ್ಲಿ ಹತ್ತು ಪಾಲು ಗಳಿಸಬೇಕೆಂಬುದು ಅದರ ನಿರೀಕ್ಷೆ. ನಿರೀಕ್ಷೆಗಿಂತ ಹೆಚ್ಚು ಗಳಿಸಿದರೆ ಅಂಕ ಏರುತ್ತದೆ, ಕಡಮೆಯಾದರೆ ಇಳಿಯುತ್ತದೆ. ದುರ್ಬಲನನ್ನು ಗೆದ್ದರೆ ಅಲ್ಪ ಲಾಭ. ಬಲಶಾಲಿಯನ್ನು ಗೆದ್ದರೆ ಅಧಿಕ ಲಾಭ. ರಾಷ್ಟ್ರಗಳ ಕಾಲ್ಚೆಂಡು ತಂಡಗಳ ಶ್ರೇಣಿಯನ್ನೂ ವಿಶ್ವಸಂಸ್ಥೆಯಾದ ಫಿಫಾ ೨೦೧೮ರಿಂದ ಇದೇ ತತ್ತ್ವದ ಮೇಲೆ ಸಿದ್ಧಪಡಿಸುತ್ತಿದೆ.

ವೆಸ್ಲಿ ಕೋಲಿ ಎಂಬ ಖಗೋಳ ಭೌತಶಾಸ್ತ್ರಜ್ಞರ ಕ್ರಮ ಇನ್ನೂ ಸರಳ. ಒಂದೂ ಪಂದ್ಯ ಆಡದ ತಂಡಕ್ಕೆ ೧/೨ ಎಂದು ಬೆಲೆ ಕಟ್ಟುತ್ತಾರೆ. 'ಪ' ಪಂದ್ಯಗಳಲ್ಲಿ 'ಗ' ಗೆಲುವುಗಳಾದರೆ ಮೊದಲ ಅಂದಾಜು (೧ + ಗ) ÷ (೨ + ಪ). ಒಂದೇ ಪಂದ್ಯ ಆಡಿ ಗೆದ್ದವನಿಗೆ ೨/೩. ಐದಕ್ಕೆ ಐದನ್ನೂ ಗೆದ್ದವನಿಗೆ ೬/೭. ಅಲ್ಪ ಸಾಕ್ಷ್ಯದಿಂದ ದೊಡ್ಡ ತೀರ್ಮಾನಕ್ಕೆ ಹಾರದಂತೆ ಈ ಸೂತ್ರ ತಡೆಯುತ್ತದೆ. ಆಮೇಲೆ ಎದುರಾಳಿಗಳ ಬಲವನ್ನೂ ಸೇರಿಸಿ ಎಲ್ಲ ತಂಡಗಳಿಗೂ ಏಕಕಾಲಿಕ ಸಮೀಕರಣಗಳನ್ನು ಬರೆದು ಬಿಡಿಸುತ್ತಾರೆ. ಆ ಸಮೀಕರಣಗಳನ್ನು ನೋಡಿದರೆ ಕಿರ್ಕಾಫನ ನಿಯಮದ ಸಮೀಕರಣಗಳೇ ಕಣ್ಣೆದುರು ನಿಲ್ಲುತ್ತವೆ: ಪ್ರತಿಯೊಂದು ಪಂದ್ಯವೂ ಎರಡು ಬಿಂದುಗಳನ್ನು ಜೋಡಿಸುವ ಒಂದು ರೋಧಕ; ಗೆಲುವು ಸೋಲುಗಳ ವ್ಯತ್ಯಾಸವೇ ಹೊರಗಿನಿಂದ ಹರಿಸುವ ವಿದ್ಯುತ್ಪ್ರವಾಹ; ೧/೨ ಎಂಬ ಮಟ್ಟವೇ ಭೂಮಿ. ನಾವು ಮೇಲೆ ಹೋಲಿಕೆಗಾಗಿ ತಂದುಕೊಂಡ ವಿದ್ಯುನ್ಮಂಡಲವು ಇಲ್ಲಿ ಗಣಿತದ ಸತ್ಯವೇ ಆಗಿದೆ.

ಆದರೆ ಒಂದು ಎಚ್ಚರಿಕೆ ಬೇಕು. ನಮ್ಮ ಹಲಸೂರು ಬಸವನಗುಡಿಗಳಿಗೆ ಈ ಸಮೀಕರಣಗಳನ್ನು ಬರೆದರೆ ಎರಡು ಗುಂಪುಗಳ ಸರಾಸರಿಯೂ ತಪ್ಪದೆ ೧/೨ ಎಂದೇ ಬರುತ್ತದೆ. ಎರಡೂ ಗುಂಪುಗಳು ಸಮವೆಂಬ ಊಹೆಯನ್ನು ನಾವೇ ಒಳಕ್ಕೆ ಹಾಕಿ, ಅದನ್ನೇ ಉತ್ತರವಾಗಿ ಹೊರಕ್ಕೆ ತೆಗೆದಂತಾಯಿತು. ಆಡದೆ ಉಳಿದ ಪಂದ್ಯದ ಫಲಿತಾಂಶವನ್ನು ಯಾವ ಗಣಕಯಂತ್ರವೂ ಸೃಷ್ಟಿಸಲಾರದು.

ಸ್ಥಾನಗಳನ್ನು ಹೆಚ್ಚಿಸಿದರೆ

'ಆಯ್ಕೆಯಲ್ಲಿ ಜಗಳ ಬಂದರೆ ಸ್ಥಾನಗಳನ್ನೇ ಹೆಚ್ಚಿಸಿಬಿಡೋಣ' ಎಂಬುದು ಎಲ್ಲೆಡೆಯೂ ಕೇಳಿಬರುವ ಪರಿಹಾರ. ಇದರ ಬಹು ದೊಡ್ಡ ಪ್ರಯೋಗ ನಡೆದಿರುವುದು ಅಮೆರಿಕದ ಕಾಲೇಜುಗಳಲ್ಲಿ. ಅವರು ಫುಟ್ಬಾಲ್ ಎಂದು ಕರೆಯುವುದು ನಮ್ಮ ಕಾಲ್ಚೆಂಡನ್ನಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಬೇರೊಂದು ಆಟ. ಮೇಲಿನ ವಿಭಾಗದಲ್ಲಿ ನೂರಮೂವತ್ತಕ್ಕೂ ಹೆಚ್ಚು ಕಾಲೇಜುಗಳಿವೆ; ಒಂದೊಂದೂ ವರ್ಷಕ್ಕೆ ಆಡುವುದು ಸುಮಾರು ಹನ್ನೆರಡು ಪಂದ್ಯಗಳು, ಅವುಗಳಲ್ಲಿ ಹೆಚ್ಚಿನವು ತನ್ನ ಒಕ್ಕೂಟದೊಳಗೇ. ಒಕ್ಕೂಟ ಒಕ್ಕೂಟಗಳ ನಡುವಣ ತಂತಿಗಳು ಅತಿ ವಿರಳ. ೨೦೧೪ರಿಂದ ೨೦೨೩ರವರೆಗೆ ಹದಿಮೂರು ಮಂದಿಯ ಸಮಿತಿಯೊಂದು ನಾಲ್ಕು ತಂಡಗಳನ್ನು ಆರಿಸುತ್ತಿತ್ತು. ೨೦೨೩ರಲ್ಲಿ ಫ್ಲಾರಿಡ ಸ್ಟೇಟ್ ತಂಡವು ಹದಿಮೂರಕ್ಕೆ ಹದಿಮೂರು ಪಂದ್ಯಗಳನ್ನು ಗೆದ್ದು ತನ್ನ ಒಕ್ಕೂಟದ ವಿಜೇತನೂ ಆಯಿತು. ಆದರೂ ಸಮಿತಿ ಅದನ್ನು ಬಿಟ್ಟು, ಒಂದು ಸೋಲು ಕಂಡಿದ್ದ ಅಲಬಾಮವನ್ನು ಆರಿಸಿತು. ಫ್ಲಾರಿಡದ ಮುಖ್ಯ ಆಟಗಾರ ಗಾಯಗೊಂಡಿದ್ದನು. ಆತನಿಲ್ಲದ ತಂಡ ಮೊದಲಿನಷ್ಟು ಬಲವಾಗಿಲ್ಲವೆಂಬುದು ಸಮಿತಿಯ ವಾದ. ದೇಶದಲ್ಲೆಲ್ಲ ಕೋಲಾಹಲವೆದ್ದಿತು. ಮೊದಲೇ ತೀರ್ಮಾನವಾಗಿದ್ದಂತೆ ೨೦೨೪ರಿಂದ ಸ್ಥಾನಗಳು ಹನ್ನೆರಡಾದುವು. ಆ ವರ್ಷ ಎಂಟನೆಯ ಶ್ರೇಯಾಂಕದ ಒಹಾಯೊ ಸ್ಟೇಟ್ ತಂಡವೇ ಪ್ರಶಸ್ತಿ ಗೆದ್ದಿತು. ನಾಲ್ಕೇ ಸ್ಥಾನಗಳಿದ್ದಿದ್ದರೆ ಅದಕ್ಕೆ ಪ್ರವೇಶ ಸಿಗುವುದೇ ಕಷ್ಟವಾಗಿತ್ತು.

ಯುರೋಪಿನಲ್ಲಿಯೂ ಇಂಥದೇ ಪ್ರಸಂಗ ನಡೆಯಿತು. ೨೦೧೬ರ ಯುರೋಪ್ ಕಪ್ಪಿನಲ್ಲಿ ತಂಡಗಳನ್ನು ಹದಿನಾರರಿಂದ ಇಪ್ಪತ್ತನಾಲ್ಕಕ್ಕೆ ಏರಿಸಿ, ಆರು ಗುಂಪುಗಳ ಮೂರನೆಯ ಸ್ಥಾನದವರಲ್ಲಿ ನಾಲ್ವರಿಗೆ ಮುಂದಿನ ಸುತ್ತಿಗೆ ಅವಕಾಶ ಕೊಟ್ಟರು. ಪೋರ್ಚುಗಲ್ ತನ್ನ ಗುಂಪಿನಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಮೂರನ್ನೂ ಸಮಮಾಡಿಕೊಂಡು ಮೂರನೆಯ ಸ್ಥಾನದಲ್ಲಿ ನುಸುಳಿ ಬಂದು, ಕೊನೆಗೆ ಕಪ್ಪನ್ನೇ ಗೆದ್ದಿತು. ೨೦೨೬ರ ವಿಶ್ವಕಪ್ಪಿಗೆ ಗೊತ್ತುಪಡಿಸಿದ ಕ್ರಮದಲ್ಲಿಯೂ ನಲವತ್ತೆಂಟು ತಂಡಗಳು, ಹನ್ನೆರಡು ಗುಂಪುಗಳು, ಮೂರನೆಯವರಲ್ಲಿ ಎಂಟು ಮಂದಿಗೆ ಪ್ರವೇಶ.

ಹಾಗಾದರೆ ವಿಸ್ತರಣೆಯಿಂದ ನ್ಯಾಯ ಹೆಚ್ಚಿತೆ? ಇದನ್ನು ಎರಡು ಭಾಗವಾಗಿ ನೋಡಬೇಕು. ಅನೇಕ ತಂಡಗಳ ಬ���ವನ್ನು ಗೆರೆಯ ಮೇಲೆ ಗುರುತಿಸಿದರೆ, ತುತ್ತತುದಿಯಲ್ಲಿ ಕೆಲವೇ ತಂಡಗಳು ದೂರ ದೂರವಾಗಿರುತ್ತವೆ. ನಡುವಿಗೆ ಬಂದಂತೆ ದಟ್ಟವಾಗುತ್ತವೆ. ತರಗತಿಯ ಅಂಕಪಟ್ಟಿಯಲ್ಲಿ ಮೊದಲಿಬ್ಬರ ನಡುವೆ ಹತ್ತು ಅಂಕಗಳ ಅಂತರವಿದ್ದು, ಇಪ್ಪತ್ತನೆಯವನಿಗೂ ಇಪ್ಪತ್ತೊಂದನೆಯವನಿಗೂ ಅರ್ಧ ಅಂಕದ ಅಂತರವಿರುವಂತೆ. ಗಡಿಯನ್ನು ನಾಲ್ಕರಿಂದ ಹನ್ನೆರಡಕ್ಕೆ ಸರಿಸಿದಾಗ ಅದು ದಟ್ಟವಾದ ಪ್ರದೇಶಕ್ಕೆ ಬರುತ್ತದೆ. ಹನ್ನೆರಡನೆಯವನಿಗೂ ಹದಿಮೂರನೆಯವನಿಗೂ ಇರುವ ಅಂತರ ನಮ್ಮ ಅಳತೆಯ ದೋಷಕ್ಕಿಂತ ಎಷ್ಟೋ ಚಿಕ್ಕದು. ಆದುದರಿಂದ ಗಡಿಯಲ್ಲಿನ ವಿವಾದ ತಗ್ಗುವುದಿಲ್ಲ; ಹೆಚ್ಚುವುದೇ ಸಂಭವನೀಯ. ಆದರೆ ತಪ್ಪಿನಿಂದಾಗುವ ಹಾನಿಯ ಸ್ವರೂಪ ಬದಲಾಗುತ್ತದೆ. ನಾಲ್ಕು ಸ್ಥಾನಗಳಿದ್ದಾಗ ಐದನೆಯವನನ್ನು ಬಿಟ್ಟರೆ, ನಿಜವಾಗಿ ಅತ್ಯಂತ ಬಲಶಾಲಿಯಾದವನನ್ನೇ ಬಿಟ್ಟಿರಬಹುದು. ಹನ್ನೆರಡು ಸ್ಥಾನಗಳಿದ್ದಾಗ ಹದಿಮೂರನೆಯವನು ಸರ್ವೋತ್ತಮನಾಗಿರುವ ಸಂಭವ ಬಲು ಕಡಮೆ. ವಿಸ್ತರಣೆಯು ಪ್ರಶಸ್ತಿಯ ನ್ಯಾಯವನ್ನು ಸುಧಾರಿಸುತ್ತದೆ; ಗಡಿಯಲ್ಲಿ ನಿಂತ ಹುಡುಗನ ದುಃಖವನ್ನು ಒಬ್ಬನಿಂದ ಇನ್ನೊಬ್ಬನಿಗೆ ದಾಟಿಸುತ್ತದೆ.

ಬಲಿಷ್ಠನೋ, ಅರ್ಹನೋ

ಫ್ಲಾರಿಡದ ಪ್ರಸಂಗದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಬೆರೆತುಹೋಗಿವೆ. 'ನಾಳೆ ಆಡಿದರೆ ಯಾರು ಗೆಲ್ಲಬಹುದು?' ಎಂಬುದು ಒಂದು. 'ಇದುವರೆಗೆ ಆಡಿ ಯಾರು ಸ್ಥಾನವನ್ನು ಸಂಪಾದಿಸಿದರು?' ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಂಭಾವ್ಯತೆಯ ಶಾಸ್ತ್ರ ಉತ್ತರ ಕೊಡಬಲ್ಲುದು. ಎರಡನೆಯದು ಶಾಸ್ತ್ರದ ಪ್ರಶ್ನೆಯಲ್ಲ, ಕೊಟ್ಟ ಮಾತಿನ ಪ್ರಶ್ನೆ. ಪರೀಕ್ಷೆಯಲ್ಲಿ ಬರೆದ ಉತ್ತರಕ್ಕೆ ಅಂಕ ಕೊಡುತ್ತೇವೆಯೇ ಹೊರತು, 'ಈತ ನಿಜಕ್ಕೂ ಇನ್ನೂ ಜಾಣ' ಎಂದೋ 'ಮುಂದಿನ ವಾರ ಈತನಿಗೆ ಜ್ವರ ಬರಬಹುದು' ಎಂದೋ ಅಂಕವನ್ನು ತಿದ್ದುವುದಿಲ್ಲ. ಆತಿಥೇಯ ರಾಜ್ಯಕ್ಕೆ ಕೊಡುವ ಸ್ಥಾನವಾದರೂ ಬಲವನ್ನು ಅಳೆದು ಕೊಟ್ಟದ್ದಲ್ಲ. ಆದರೆ ಎಲ್ಲರಿಗೂ ಮೊದಲೇ ತಿಳಿಸಿ ಕೊಡುವುದರಿಂದ ಅದನ್ನು ಯಾರೂ ವಂಚನೆಯೆನ್ನುವುದಿಲ್ಲ.

ಪಂದ್ಯಗಳ ವೇಳಾಪಟ್ಟಿಯೂ ನ್ಯಾಯದ ಒಂದು ಅಂಗ. ೧೯೮೨ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯ ತನ್ನ ಗುಂಪಿನ ಆಟವನ್ನು ಒಂದು ದಿನ ಮೊದಲೇ ಮುಗಿಸಿತ್ತು. ಮರುದಿನ ಸ್ಪೇನಿನ ಹಿಹೋನ್ ನಗರದಲ್ಲಿ ಎದುರಾದ ಪಶ್ಚಿಮ ಜರ್ಮನಿಗೂ ಆಸ್ಟ್ರಿಯಕ್ಕೂ, ಜರ್ಮನಿ ಒಂದು ಗೋಲಿನಿಂದ ಗೆದ್ದರೆ ಇಬ್ಬರೂ ಮುಂದೆ ಹೋಗಬಹುದೆಂಬುದು ಗೊತ್ತಿತ್ತು. ಮೊದಲಲ್ಲೇ ಒಂದು ಗೋಲು ಬಿದ್ದಿತು. ಉಳಿದ ಹೊತ್ತೆಲ್ಲ ಚೆಂಡನ್ನು ಅತ್ತಿತ್ತ ತಳ್ಳುತ್ತ ಕಾಲ ಕಳೆದರು. ಅಲ್ಜೀರಿಯ ಹೊರಬಿದ್ದಿತು. ಅಲ್ಲಿಂದೀಚೆಗೆ ಗುಂಪಿನ ಕಡೆಯ ಪಂದ್ಯಗಳನ್ನು ಏಕಕಾಲದಲ್ಲಿ ಆಡಿಸುತ್ತಾರೆ. ಆದರೆ ಗುಂಪು ಗುಂಪುಗಳನ್ನು ಹೋಲಿಸುವ ಕ್ರಮದಲ್ಲಿ ಈ ಎಚ್ಚರಿಕೆಯೂ ಸಾಲದು. ೨೦೧೬ರಲ್ಲಿ ಮೊದಲ ಗುಂಪಿನಲ್ಲಿದ್ದ ಆಲ್ಬೇನಿಯ ತನ್ನ ಆಟ ಮುಗಿಸಿ ಮೂರು ದಿನ ಕಾದು ಕುಳಿತು, ಕೊನೆಗೆ ಹೊರಬಿದ್ದಿತು. ಕಡೆಯ ಗುಂಪಿನವರಿಗೆ ತಮಗೆ ಬೇಕಾದದ್ದು ಎಷ್ಟೆಂಬುದು ಆಡುವ ಮೊದಲೇ ತಿಳಿದಿತ್ತು.

ನಿಯಮವನ್ನು ಬರೆಯುವವರಿಗೆ

ಈ ವಿಚಾರಗಳಿಂದ ಕೆಲವು ಸೂಚನೆಗಳು ತಾವಾಗಿಯೇ ಹೊರಡುತ್ತವೆ. ಕಾಲೇಜುಗಳಲ್ಲಿ ಪಂದ್ಯಾವಳಿ ನಡೆಸುವ ವಿದ್ಯಾರ್ಥಿಗಳೂ ಇವನ್ನು ಬಳಸಿಕೊಳ್ಳಬಹುದು.

ಸಾಧ್ಯವಿರುವಷ್ಟು ಮಟ್ಟಿಗೆ ಎಲ್ಲರಿಗೂ ಸಮಾನ ಎದುರಾಳಿಗಳಿರಲಿ. ಗುಂಪುಗಳನ್ನು ಮಾಡುವುದು ಅನಿವಾರ್ಯವಾದರೆ ಹಿಂದಿನ ವರ್ಷಗಳ ಫಲಿತಾಂಶಗಳನ್ನು ನೋಡಿ ಬಲಶಾಲಿಗಳನ್ನು ಬೇರೆ ಬೇರೆ ಗುಂಪುಗಳಿಗೆ ಹಂಚಬೇಕು. ಎಲ್ಲ ಗುಂಪುಗಳ ಕಡೆಯ ಪಂದ್ಯಗಳು ಆದಷ್ಟು ಒಂದೇ ಹೊತ್ತಿಗೆ ನಡೆಯಬೇಕು. ಗುಂಪು ಗುಂಪುಗಳನ್ನು ಹೋಲಿಸಲೇಬೇಕಾದರೆ ಕಾಗದದ ಮೇಲಿನ ಅಂಕಗಳಿಂದಲ್ಲ, ಮೈದಾನದ ಮೇಲಿನ ಪಂದ್ಯದಿಂದ ಹೋಲಿಸುವುದು ಮೇಲು. ನಮ್ಮ ಲೆಕ್ಕದ ಆರು ಗುಂಪುಗಳಲ್ಲಿ ಎರಡನೆಯವರು ಆರು ಮಂದಿ. ಉಳಿದ ಸ್ಥಾನಗಳು ಮೂರು. ಈ ಆರು ತಂಡಗಳನ್ನು ಮೂರು ಜೋಡಿಗಳಾಗಿ ಮಾಡಿ ಆಡಿಸಿದರೆ ಮೂರು ಪಂದ್ಯಗಳಲ್ಲಿ ಮೂವರು ಹೊರಬರುತ್ತಾರೆ. ತೊಂಬತ್ತು ಪಂದ್ಯಗಳನ್ನು ಆಡಿಸುವವರಿಗೆ ಇನ್ನು ಮೂರು ದೊಡ್ಡ ಭಾರವಲ್ಲ. ಒಂದು ಪಂದ್ಯದ ಅಳತೆ ಒರಟಾದದ್ದೆಂಬುದು ನಿಜ. ನಾಲ್ಕರಲ್ಲಿ ಒಂದು ಸಲ ದುರ್ಬಲನೇ ಗೆಲ್ಲಬಹುದು. ಆದರೂ ತಂತಿಯೇ ಇಲ್ಲದ ಕಡೆ ಅದೊಂದು ತಂತಿ. ಸೋತವನು ತಾನೇ ಆಡಿ ಸೋತಿರುತ್ತಾನೆ. ತಾನೆಂದೂ ಕಾಣದ ಯಾವುದೋ ಊರಿನ ಗೋಲುಗಳ ಲೆಕ್ಕದಿಂದ ಸೋತಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಅಂಕಗಳು ಸಮವಾದರೆ ಏನು, ಗೋಲುಗಳ ಅಂತರವೂ ಸಮವಾದರೆ ಏನು, ಯಾರಾದರೂ ಆಟ ಬಿಟ್ಟುಹೋದರೆ ಏನು ಎಂಬ ಎಲ್ಲವನ್ನೂ ಮೊದಲ ಪಂದ್ಯದ ಸೀಟಿ ಊದುವ ಮುಂಚೆಯೇ ಬರೆದು ಎಲ್ಲರ ಕೈಗೂ ಕೊಟ್ಟಿರುವುದು. ಪ್ರಯೋಗದ ಫಲಿತಾಂಶವನ್ನು ನೋಡಿದ ಮೇಲೆ ಅಳತೆಗೋಲನ್ನು ಬದಲಿಸುವವನನ್ನು ನಾವು ವಿಜ್ಞಾನಿಯೆನ್ನುವುದಿಲ್ಲ. ಪಂದ್ಯ ಮುಗಿದ ಮೇಲೆ ನಿಯಮವನ್ನು ಹುಡುಕುವ ಸಮಿತಿಯನ್ನೂ ನ್ಯಾಯವಂತವೆನ್ನಲಾಗದು. ತಂಡಗಳ ಬಲವನ್ನು ಪೂರ್ಣವಾಗಿ ಅಳೆಯಲು ನಮ್ಮಿಂದಾಗದು. ಅಳತೆ ಎಲ್ಲಿಗೆ ನಿಲ್ಲುತ್ತದೆಯೋ ಅಲ್ಲಿಂದ ಮುಂದೆ, ಮೊದಲೇ ಕೊಟ್ಟ ಮಾತಿನಂತೆ ನಡೆದುಕೊಳ್ಳುವುದೊಂದೇ ಉಳಿದಿರುವ ದಾರಿ.

ಅಭ್ಯಾಸಕ್ಕೆ: ಮೇಲೆ ಕೊಟ್ಟ ಪೂರ್ವ ಮತ್ತು ಪಶ್ಚಿಮ ಗುಂಪುಗಳ ಅಂಕಗಳನ್ನು, ಗೆಲುವಿಗೆ ಎರಡೇ ಅಂಕವೆಂದು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿರಿ. ಶಿವಾಜಿನಗರ ಎರಡು ಪಂದ್ಯಗಳನ್ನು ಗೆದ್ದು ಒಂದನ್ನು ಸಮಮಾಡಿಕೊಂಡಿತೆಂದೂ, ಹಲಸೂರು ಒಂದನ್ನು ಗೆದ್ದು, ಒಂದನ್ನು ಸಮಮಾಡಿಕೊಂಡು, ಒಂದನ್ನು ಸೋತಿತೆಂದೂ ತಿಳಿಯಿರಿ. ಎರಡು ಗುಂಪುಗಳ ಒಟ್ಟು ಅಂಕಗಳು ಆಗ ಸಮವಾಗುತ್ತವೆಯೆ? ಹಲಸೂರಿಗೂ ಬಸವನಗುಡಿಗೂ ಇರುವ ಅಂತರ ಎಷ್ಟಕ್ಕೆ ಇಳಿಯುತ್ತದೆ?